8 ಜಿಬಿ ಮೆಮೊರಿ, 21 ಕೋಟಿ ಸಾಲು: ಆಲ್ದೂರಿನ ಮಳೆ ಲೆಕ್ಕದ ಒಂದು ಪ್ರಕರಣ

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಸುತ್ತಮುತ್ತಲಿನ ಕೆಲವು ಕಾಫಿ ಬೆಳೆಗಾರರು ಸೇರಿ ತಮ್ಮ ತೋಟಗಳಲ್ಲಿ ಸಣ್ಣ ಹವಾಮಾನ ಕೇಂದ್ರಗಳನ್ನು ಹಾಕಿಸಿದ್ದರು. ಮೂಡಿಗೆರೆ ಕಡೆ ಕೆಲವು, ಬಾಳೆಹೊನ್ನೂರು ಕಡೆ ಕೆಲವು, ಕೊಟ್ಟಿಗೆಹಾರದ ಘಾಟಿ ಅಂಚಿನಲ್ಲಿ ಕೆಲವು, ಒಟ್ಟು 80. ಒಂದೊಂದು ಕೇಂದ್ರವೂ ನಿಮಿಷಕ್ಕೊಂದು ಸಾಲು ಕಳಿಸುತ್ತದೆ: ಕೇಂದ್ರದ ನಂಬರು, ದಿನ ಮತ್ತು ವೇಳೆ, ಮಳೆ, ಉಷ್ಣಾಂಶ, ಗಾಳಿಯ ತೇವ, ಮಣ್ಣಿನ ತೇವ, ಬ್ಯಾಟರಿಯ ವೋಲ್ಟ್. 2020ರಿಂದ 2024ರ ಕೊನೆವರೆಗೆ ಬಂದದ್ದೆಲ್ಲ ಒಂದೇ ಫೈಲಿನಲ್ಲಿ ಕೂತಿತ್ತು. ಗಾತ್ರ 9.5 ಜಿಬಿ, ಸಾಲುಗಳು ಸುಮಾರು 21 ಕೋಟಿ. ಕಂಪ್ಯೂಟರ್ ಹಳೆಯದು. 8 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್.

ಬೆಳೆಗಾರರಿಗೆ ಬೇಕಿದ್ದದ್ದು ಒಂದು ಸರಳ ಉತ್ತರ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮೇಲೆ ಎಷ್ಟು ದಿನಕ್ಕೆ ಬ್ಯಾಕಿಂಗ್ ಮಳೆ (ಆ ಹೂ ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ) ಬಂತು, ಯಾವ ತೋಟಕ್ಕೆ ಬಂತು, ಯಾವುದಕ್ಕೆ ಕೈ ಕೊಟ್ಟಿತು. ಹೂಮಳೆ ರೊಬಸ್ಟಾ ಕಾಫಿಗೆ ಫೆಬ್ರವರಿ–ಮಾರ್ಚ್, ಅರೇಬಿಕಾಕ್ಕೆ ಮಾರ್ಚ್–ಏಪ್ರಿಲ್. ಈ ಎರಡು ಮಳೆಯ ಮೇಲೆ ವರ್ಷದ ಫಸಲು ನಿಂತಿರುತ್ತದೆ. ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು, ಹಾಕದೆ ಕಾಯಬಹುದಾ ಅನ್ನುವುದು ಈ ಲೆಕ್ಕದಿಂದಲೇ ಗೊತ್ತಾಗಬೇಕು.

ಡೇಟಾ ನೋಡಿಕೊಳ್ಳುತ್ತಿದ್ದವಳು ಅವರಲ್ಲೊಬ್ಬರಾದ ಗೌಡರ ತಮ್ಮನ ಮಗಳು, ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದ್ದಳು. "ಅಣ್ಣ, ಪ್ರೋಗ್ರಾಂ ಓಡ್ತಾ ಓಡ್ತಾ 'ಕಿಲ್ಡ್' ಅಂತ ಒಂದೇ ಪದ ಬಂದು ನಿಂತುಬಿಡುತ್ತೆ. ಎಲ್ಲಿ ತಪ್ಪು ಅಂತಾನೂ ಹೇಳಲ್ಲ" ಅಂತ ನನಗೆ ಫೋನ್ ಮಾಡಿದಳು. ಲಿನಕ್ಸ್‌ನಲ್ಲಿ ಮೆಮೊರಿ ಪೂರ್ತಿ ತುಂಬಿಹೋದಾಗ ಕರ್ನೆಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಯಾವುದೋ ಒಂದು ಪ್ರೋಗ್ರಾಮನ್ನು ಆರಿಸಿ ಕೊಲ್ಲುತ್ತದೆ. ಹಾಗೆ ಸತ್ತ ಪ್ರೋಗ್ರಾಮಿಗೆ ತನ್ನ ಕೊನೆಯ ಮಾತು ಹೇಳಲೂ ಅವಕಾಶ ಇರುವುದಿಲ್ಲ. ಹಾಗೆ ಕೊಂದಾಗ ಉಳಿಯುವ ಗುರುತು, ಎಕ್ಸಿಟ್ ಕೋಡ್ 137, ಇತ್ತಾ ಅಂತ ಕೇಳಿದೆ. ಇತ್ತು.

ಅವಳ ಪ್ರೋಗ್ರಾಂ ಪೈಥಾನ್ ಭಾಷೆಯಲ್ಲಿತ್ತು. ಮಾಡುತ್ತಿದ್ದ ಕೆಲಸ ಸರಿಯಾದದ್ದೇ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಟವರ್ ಹೋಗುತ್ತದೆ. ಆಗ ಕೇಂದ್ರಗಳು ಸಾಲುಗಳನ್ನು ತಮ್ಮಲ್ಲೇ ಇಟ್ಟುಕೊಂಡು ಸಿಗ್ನಲ್ ಬಂದಾಗ ಕಳಿಸುತ್ತವೆ. ಕಳಿಸಿದ್ದು ತಲುಪಿತು ಎಂಬ ಉತ್ತರ ವಾಪಸ್ ಬರದಿದ್ದರೆ ಅದನ್ನೇ ಮತ್ತೆ ಕಳಿಸುತ್ತವೆ. ಹಾಗಾಗಿ ಫೈಲಿನಲ್ಲಿ ಒಂದೇ ನಿಮಿಷದ ಸಾಲು ಎರಡು, ಮೂರು ಸಲ ಇರುತ್ತದೆ, ಅದೂ ದಿನಗಟ್ಟಲೆ ಅಂತರದಲ್ಲಿ. ಮಳೆಯ ವಿಷಯದಲ್ಲಿ ಇದು ದೊಡ್ಡ ತೊಂದರೆ. ಮಳೆ ಮಾಪಕದ ಒಳಗೆ ತಕ್ಕಡಿಯ ಹಾಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿ ಪಲ್ಟಿ ಹೊಡೆದರೆ ಇಂಚಿನ ನೂರನೇ ಒಂದು ಭಾಗ ಮಳೆ, ಅಂದರೆ ತೋಟದವರ ಬಾಯಲ್ಲಿ ಒಂದು ಸೆಂಟ್. ಒಂದೇ ಸಾಲನ್ನು ಎರಡು ಸಲ ಕೂಡಿದರೆ ಬಾರದ ಮಳೆ ಬಂದಂತಾಗುತ್ತದೆ. ಬಾರದ ಬ್ಯಾಕಿಂಗ್ ಮಳೆಯನ್ನು ಬಂತು ಅಂತ ನಂಬಿಕೊಂಡರೆ ಆ ಅಂಕಿಗೆ ಏನು ಬೆಲೆ?

ಅದಕ್ಕೆ ಅವಳು ಒಂದು ಡಿಕ್ಷನರಿ ಇಟ್ಟುಕೊಂಡಿದ್ದಳು, ಅಂದರೆ ಕೀ ಕೊಟ್ಟರೆ ಅದರ ವ್ಯಾಲ್ಯೂ ಹುಡುಕಿಕೊಡುವ ಪಟ್ಟಿ. ಕೇಂದ್ರದ ನಂಬರು ಮತ್ತು ವೇಳೆ ಸೇರಿ ಕೀ, ಉಳಿದ ಐದು ಅಂಕಿ ವ್ಯಾಲ್ಯೂ. ಹೊಸ ಸಾಲು ಬಂದಾಗ ಈ ಕೀ ಮೊದಲೇ ಇದೆಯಾ ಅಂತ ನೋಡು, ಇದ್ದರೆ ಬಿಡು. ಹತ್ತು ಲಕ್ಷ ಸಾಲಿಗೆ ಇದು ಅಂದವಾಗಿ ಓಡುತ್ತದೆ. ಇಪ್ಪತ್ತೊಂದು ಕೋಟಿಗೆ ಯಾಕೆ ಓಡುವುದಿಲ್ಲ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. 9.5 ಜಿಬಿ ಫೈಲು, 8 ಜಿಬಿ ರ‍್ಯಾಮ್, ಇನ್ನೊಂದು 8 ಜಿಬಿ ಹಾಕಿಸಿದರೆ ಆಯ್ತಲ್ಲ ಅನ್ನಿಸುತ್ತದೆ. ಗೌಡರೂ ಅದನ್ನೇ ಹೇಳಿದರು: "ಎಷ್ಟು ಬೇಕೋ ಅಷ್ಟು ರ‍್ಯಾಮ್ ಹಾಕ್ಸೋಣ ಬಿಡಿ, ಅದೇನು ಮಹಾ."

ಡಿಸ್ಕಿನ ಮೇಲೆ ಒಂದು ಸಾಲು 45 ಬೈಟ್. ಅದೇ ಸಾಲು ಪೈಥಾನ್‌ನ ಒಳಗೆ ಹೋದರೆ ಹಿಗ್ಗುತ್ತದೆ. 64 ಬಿಟ್ ಪೈಥಾನ್‌ನಲ್ಲಿ ಒಂದು ದಶಮಾಂಶ ಸಂಖ್ಯೆಗೆ 24 ಬೈಟ್. ಒಂದು ಸ್ಟ್ರಿಂಗಿನಲ್ಲಿ (ಅಕ್ಷರಗಳ ಸರಣಿ) ಒಂದಕ್ಷರವೂ ಇಲ್ಲದಿದ್ದರೂ ನಲವತ್ತಕ್ಕೂ ಹೆಚ್ಚು ಬೈಟ್. ಹಲವು ಅಂಶಗಳನ್ನು ಒಟ್ಟಿಗೆ ಕಟ್ಟಿಡುವ ಟ್ಯೂಪಲ್ಲಿಗೆ 40 ಬೈಟ್, ಅದರೊಳಗಿನ ಪ್ರತಿ ಅಂಶಕ್ಕೆ ಮತ್ತೆ 8. ಇದಕ್ಕೆ ಡಿಕ್ಷನರಿಯ ಸ್ವಂತ ಖರ್ಚು ಬೇರೆ. ಎಲ್ಲ ಸೇರಿ ಅವಳ ಪ್ರೋಗ್ರಾಮಿನಲ್ಲಿ ಸಾಲೊಂದಕ್ಕೆ 450 ಬೈಟಿನ ಆಸುಪಾಸು ಆಗುತ್ತಿತ್ತು. ಅಂದರೆ 21 ಕೋಟಿ ಸಾಲಿಗೆ 90 ಜಿಬಿಗೂ ಮೇಲೆ. ಆ ಕಂಪ್ಯೂಟರಿನ ಬೋರ್ಡಿಗೆ ಅಷ್ಟು ರ‍್ಯಾಮ್ ಹಿಡಿಯುವುದೇ ಇಲ್ಲ. ಒಂದೂವರೆ ಕೋಟಿ ಸಾಲು ದಾಟುವ ಹೊತ್ತಿಗೇ ಪ್ರೋಗ್ರಾಂ ಸಾಯುತ್ತಿದ್ದದ್ದಕ್ಕೆ ಇದೇ ಕಾರಣ.

ಅವಳು ಸುಮ್ನೆ ಕೂತಿರಲಿಲ್ಲ. ಎರಡು ದಾರಿ ಆಗಲೇ ನೋಡಿದ್ದಳು.

ಮೊದಲನೆಯದು ಫೈಲನ್ನು ತುಂಡು ತುಂಡಾಗಿ ಓದುವುದು. ಒಂದು ಸಲಕ್ಕೆ ಐವತ್ತು ಲಕ್ಷ ಸಾಲು ತಗೋ, ಪುನರಾವರ್ತನೆ ತೆಗೆ, ಮುಂದಿನ ತುಂಡಿಗೆ ಹೋಗು. ಯಾರನ್ನೇ ಕೇಳಿದರೂ ಮೊದಲು ಕೊಡುವ ಸಲಹೆ ಇದು. ಬರೀ ಮೊತ್ತ ಬೇಕು, ಗರಿಷ್ಠ ಬೇಕು ಅಂದರೆ ಇದು ಸಾಕು. ಇಲ್ಲಿ ಕೆಲಸಕ್ಕೆ ಬರಲಿಲ್ಲ. ಜೂನ್ 14ರ ಸಾಲು ಒಂದು ತುಂಡಿನಲ್ಲಿದೆ, ಅದರ ನಕಲು ಜುಲೈನಲ್ಲಿ ತಲುಪಿ ಮುಂದಿನ ತುಂಡಿನಲ್ಲಿ ಕೂತಿದೆ. ಎರಡೂ ಒಂದನ್ನೊಂದು ನೋಡುವುದೇ ಇಲ್ಲ.

ಎರಡನೆಯದು ಸ್ವಾಪ್. ಡಿಸ್ಕಿನಲ್ಲಿ 100 ಜಿಬಿ ಸ್ವಾಪ್ ಜಾಗ ಮಾಡಿಕೊಟ್ಟು, ರ‍್ಯಾಮ್ ಸಾಲದಿದ್ದರೆ ಇಲ್ಲಿಡು ಅಂತ ಹೇಳಿದಳು. ಈಗ ಪ್ರೋಗ್ರಾಂ ಸಾಯಲಿಲ್ಲ. ಆದರೆ ರಾತ್ರಿಯೆಲ್ಲ ಡಿಸ್ಕಿನ ದೀಪ ಉರಿಯುತ್ತಲೇ ಇತ್ತು, ಸಾಲಿನ ಎಣಿಕೆ ಮಾತ್ರ ತೆವಳುತ್ತಿತ್ತು.

ಇದು ಯಾಕೆ ಹೀಗೆ ಅಂತ ಬಿಡಿಸಿ ನೋಡಿದರೆ ಮುಂದಿನ ದಾರಿ ತಾನಾಗೇ ಕಾಣುತ್ತದೆ. ಆಪರೇಟಿಂಗ್ ಸಿಸ್ಟಮ್ ಮೆಮೊರಿಯನ್ನು 4,096 ಬೈಟಿನ ಪೇಜುಗಳಾಗಿ ನೋಡುತ್ತದೆ. ಸ್ವಾಪಿಗೆ ಹೋದ ಒಂದೇ ಒಂದು ಬೈಟ್ ಬೇಕೆಂದರೂ ಇಡೀ ಪೇಜ್ ವಾಪಸ್ ಬರಬೇಕು, ಅದಕ್ಕೆ ಜಾಗ ಮಾಡಲು ಇನ್ನೊಂದು ಪೇಜ್ ಹೊರಗೆ ಹೋಗಬೇಕು. ಡಿಕ್ಷನರಿ ಒಳಗೆ ಹ್ಯಾಶ್ ಟೇಬಲ್, ಅಂದರೆ ಕೀಯಿಂದ ಒಂದು ಸಂಖ್ಯೆ ಲೆಕ್ಕ ಹಾಕಿ ಆ ಜಾಗದಲ್ಲಿ ಇಡುವ ಟೇಬಲ್. ಹ್ಯಾಶ್‌ನ ಕೆಲಸವೇ ಕೀಗಳನ್ನು ಚೆಲ್ಲಾಪಿಲ್ಲಿ ಮಾಡುವುದು. 5:31ರ ಸಾಲು ಟೇಬಲ್ಲಿನ ಒಂದು ಮೂಲೆಗೆ, 5:32ರದ್ದು ಇನ್ನೊಂದು ಮೂಲೆಗೆ. ಎಲ್ಲವೂ ರ‍್ಯಾಮ್‌ನಲ್ಲಿದ್ದರೆ ಇದರಿಂದ ಲಾಭ. ಡಿಸ್ಕಿಗೆ ಹೋದರೆ ಒಂದು ಕಾಳು ಕಾಫಿಗೆ ಒಂದು ಮೂಟೆ ಬಿಚ್ಚಿ, ಕಟ್ಟಿ, ಇನ್ನೊಂದು ಮೂಟೆ ಬಿಚ್ಚಿದ ಹಾಗೆ. ತಿರುಗುವ ಡಿಸ್ಕ್ ಹೀಗೆ ಅಲ್ಲಲ್ಲಿ ಹುಡುಕಿ ಓದುವುದಾದರೆ ಸೆಕೆಂಡಿಗೆ ನೂರರ ಸುಮಾರು ಸಲ ಓದಬಲ್ಲದು, ಅಷ್ಟೇ. 21 ಕೋಟಿ ಹುಡುಕಾಟಕ್ಕೂ ಒಂದೊಂದು ಸಲ ಡಿಸ್ಕ್ ಮುಟ್ಟಬೇಕಾದರೆ 21 ಲಕ್ಷ ಸೆಕೆಂಡು, 24 ದಿನ. ಕಾಲುಭಾಗ ಮಾತ್ರ ಡಿಸ್ಕಿಗೆ ಹೋದರೂ 6 ದಿನ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಇದ್ದಿದ್ದರೆ ಇದು ಗಂಟೆಗಳಿಗೆ ಇಳಿಯುತ್ತಿತ್ತು, ಆದರೆ ರೋಗ ಅದೇ.

ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲೇ ಇದನ್ನು ವಿವರಿಸಿದ್ದಾರೆ. ಒಂದು ಪ್ರೋಗ್ರಾಂ ಒಂದು ಹೊತ್ತಿನಲ್ಲಿ ನಿಜವಾಗಿ ಮುಟ್ಟುತ್ತಿರುವ ಪೇಜುಗಳ ಗುಂಪಿಗೆ ಅವರು ವರ್ಕಿಂಗ್ ಸೆಟ್ ಎಂದರು. ಒಟ್ಟು ಡೇಟಾ ಎಷ್ಟೇ ಇರಲಿ, ವರ್ಕಿಂಗ್ ಸೆಟ್ ರ‍್ಯಾಮ್‌ನಲ್ಲಿ ಹಿಡಿದರೆ ಕೆಲಸ ಸಾಗುತ್ತದೆ, ಹಿಡಿಯದಿದ್ದರೆ ಕಂಪ್ಯೂಟರ್ ಪೇಜು ಎತ್ತಿಡುವುದರಲ್ಲೇ ಮುಳುಗುತ್ತದೆ. ನನ್ನ ಮಟ್ಟಿಗೆ ಮೆಮೊರಿಗಿಂತ ದೊಡ್ಡ ಡೇಟಾದ ಪ್ರಶ್ನೆಯೆಲ್ಲ ಇದೊಂದೇ ಮಾತಿನಲ್ಲಿದೆ. ಡೇಟಾ ಎಷ್ಟು ದೊಡ್ಡದು ಅಂತ ಕೇಳುವ ಮೊದಲು ಕೇಳಬೇಕಾದದ್ದು, ಯಾವ ಸಾಲಿಗೆ ಯಾವ ಸಾಲು ಬೇಕು?

ಇಲ್ಲಿ ಉತ್ತರ ಕಣ್ಣೆದುರೇ ಇತ್ತು. ಏಳನೇ ಕೇಂದ್ರದ ಸಾಲಿನ ನಕಲು ಏಳನೇ ಕೇಂದ್ರದಲ್ಲೇ ಇರುತ್ತದೆ. ಹನ್ನೆರಡನೇ ಕೇಂದ್ರದ ಗೊಡವೆ ಅದಕ್ಕಿಲ್ಲ. ಹಾಗಾದರೆ ಮೊದಲು ಫೈಲನ್ನು ಕೇಂದ್ರವಾರು ಒಡೆದುಬಿಡಬೇಕು. 80 ಫೈಲು ತೆರೆದಿಟ್ಟುಕೊಂಡು, ದೊಡ್ಡ ಫೈಲನ್ನು ಮೇಲಿಂದ ಕೆಳಗೆ ಒಂದೇ ಸಲ ಓದುತ್ತ, ಪ್ರತಿ ಸಾಲನ್ನೂ ಅದರದರ ಫೈಲಿಗೆ ಬರೆಯುವುದು. ಮೆಮೊರಿಯಲ್ಲಿ ಯಾವ ಹೊತ್ತಿಗೂ ಒಂದು ಸಾಲು ಮತ್ತು ಒಂದಿಷ್ಟು ಬಫರು (ಓದುವ, ಬರೆಯುವ ಸಾಲುಗಳನ್ನು ತಾತ್ಕಾಲಿಕವಾಗಿ ಇಡುವ ಜಾಗ). ಡಿಸ್ಕ್ ಸಾಲಾಗಿ ಓದಿ ಸಾಲಾಗಿ ಬರೆಯುತ್ತದೆ, ಅದು ಡಿಸ್ಕಿಗೆ ಇಷ್ಟದ ಕೆಲಸ. ಆಮೇಲೆ ಒಂದೊಂದೇ ಫೈಲನ್ನು ಮೆಮೊರಿಗೆ ತಂದು ಪುನರಾವರ್ತನೆ ತೆಗೆಯಬಹುದು. ಒಂದು ಕೇಂದ್ರಕ್ಕೆ 22–26 ಲಕ್ಷ ಸಾಲು. ಸಾಲಿಗೆ ಅದೇ 450 ಬೈಟ್ ಖರ್ಚಾದರೂ ಸುಮಾರು 1 ಜಿಬಿ. ಅವಳ ಹಳೆಯ ಡಿಕ್ಷನರಿಯೇ ಸಾಕಾಗುತ್ತಿತ್ತು.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬಳಸಿದ್ದರೆ ಆಗುತ್ತಿರಲಿಲ್ಲವಾ ಅಂತ ಅವಳು ಕೇಳಿದಳು. ಆಗುತ್ತಿತ್ತು. ಅದರ ಒಳಗಿರುವುದು ಬಿ-ಟ್ರೀ, ಬೇಯರ್ ಮತ್ತು ಮೆಕ್‌ಕ್ರೈಟ್ 1972ರಲ್ಲಿ ಪ್ರಕಟಿಸಿದ ರಚನೆ. ಅದು ಹ್ಯಾಶ್‌ಗೆ ಪೂರ್ತಿ ತದ್ವಿರುದ್ಧ, ಪಕ್ಕದ ಕೀಗಳನ್ನು ಪಕ್ಕದಲ್ಲೇ ಇಡುತ್ತದೆ. 80 ಕೇಂದ್ರಗಳ ಸಾಲು ಹೆಚ್ಚೂಕಡಿಮೆ ವೇಳೆಯ ಕ್ರಮದಲ್ಲೇ ಬರುವುದರಿಂದ ಯಾವ ಹೊತ್ತಿಗೂ ಎಂಬತ್ತರ ಸುಮಾರು ಪೇಜುಗಳಷ್ಟೇ ಬಳಕೆಯಲ್ಲಿರುತ್ತವೆ. ಆ ದಾರಿ ಹಿಡಿದಿದ್ದರೂ ತಪ್ಪಿರಲಿಲ್ಲ. ನಮಗೆ ಇನ್ನೊಂದು ವಿಷಯ ಬೇಕಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಒಡೆಯುವಾಗಲೇ ಎರಡು ಸಣ್ಣ ಕೆಲಸ ಸೇರಿಸಿಕೊಂಡೆವು. ಫೈಲಿನಲ್ಲಿ ದಿನಾಂಕ ಇದ್ದದ್ದು 14-06-2021 ಅನ್ನುವ ರೀತಿಯಲ್ಲಿ. ಇದನ್ನು ಅಕ್ಷರಗಳಾಗಿ ವಿಂಗಡಿಸಿದರೆ ಎಲ್ಲ ತಿಂಗಳ 1ನೇ ತಾರೀಖೂ ಮೊದಲು ಬಂದು ಕೂರುತ್ತವೆ. ಹಾಗಾಗಿ ಪ್ರತಿ ವೇಳೆಯನ್ನೂ 2020ರ ಜನವರಿ 1ರ ಮಧ್ಯರಾತ್ರಿಯಿಂದ ಎಷ್ಟನೇ ನಿಮಿಷ ಅನ್ನುವ ಸಂಖ್ಯೆಯಾಗಿ ಬದಲಿಸಿ, ಮುಂದೆ ಸೊನ್ನೆ ಹಾಕಿ ಏಳು ಅಂಕಿ ಮಾಡಿ ಸಾಲಿನ ಮೊದಲಿಗೆ ಇಟ್ಟೆವು. ಸೊನ್ನೆ ಹಾಕದಿದ್ದರೆ ಅಕ್ಷರ ಲೆಕ್ಕದಲ್ಲಿ 9 ಅನ್ನುವುದು 10ರ ಆಮೇಲೆ ಬರುತ್ತದೆ. ಅದರ ಪಕ್ಕದಲ್ಲಿ ಮೂಲ ಫೈಲಿನ ಎಷ್ಟನೇ ಸಾಲು ಅನ್ನುವುದನ್ನೂ ಬರೆದೆವು, ಯಾವುದು ಮೊದಲು ತಲುಪಿತು ಅಂತ ತಿಳಿಯಲು. ಈ ಹಂತದಲ್ಲೇ ಇಸವಿ 2000 ಅಂತ ಹೇಳುವ ಸಾಲುಗಳು ಸಿಕ್ಕಿದವು. ಗಡಿಯಾರದ ಚಿಪ್ಪಿನ ಗುಂಡಿ ಸೆಲ್ ಸತ್ತು, ಕೇಂದ್ರ ಮತ್ತೆ ಎದ್ದಾಗ ಗಡಿಯಾರ 2000ದ ಜನವರಿ 1ಕ್ಕೆ ಹೋಗಿತ್ತು. ಅಕ್ಕಪಕ್ಕದ ಸಾಲು ನೋಡಿ ವೇಳೆ ಊಹಿಸಬಹುದಿತ್ತು. ಊಹೆ ಬೇಡ ಅಂತ ಅವನ್ನು ಬೇರೆ ಫೈಲಿಗೆ ಹಾಕಿ ಬದಿಗಿಟ್ಟೆವು.

ಒಡೆದ ಮೇಲೆ ಫೈಲುಗಳ ಗಾತ್ರ ನೋಡಿದರೆ 79 ಫೈಲು ತಲಾ 100 ಎಂಬಿಯ ಆಸುಪಾಸು. ಒಂದು ಮಾತ್ರ 1.5 ಜಿಬಿ.

ಕೊಟ್ಟಿಗೆಹಾರದ ಹತ್ತಿರ ಒಂದು ತಗ್ಗಿನಲ್ಲಿದ್ದ ಕೇಂದ್ರ ಅದು. ಅಲ್ಲಿಂದ ಸಾಲು ಹೋಗುತ್ತಿತ್ತು, 'ತಲುಪಿತು' ಅನ್ನುವ ಉತ್ತರ ಮಾತ್ರ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಪಾಪ, ಅದು ಅದೇ ಸಾಲುಗಳನ್ನು ಕಳಿಸುತ್ತಲೇ ಇತ್ತು. ಅದೊಂದರದ್ದೇ 3.3 ಕೋಟಿ ಸಾಲು. ಇದರಿಂದ ಇನ್ನೊಂದು ಗುಟ್ಟೂ ಬಯಲಾಯಿತು. 80 ಕೇಂದ್ರ, 5 ವರ್ಷ, ನಿಮಿಷಕ್ಕೊಂದು ಸಾಲು ಅಂದರೆ ಬರಬೇಕಾದದ್ದು 21 ಕೋಟಿ. ಫೈಲಿನಲ್ಲಿದ್ದದ್ದೂ 21 ಕೋಟಿ. ಡೇಟಾ ಪೂರ್ತಿ ಬಂದಿದೆ ಅಂತ ಎಲ್ಲರೂ ನೆಮ್ಮದಿಯಾಗಿದ್ದರು. ನಿಜಕ್ಕೂ ಉಳಿದ ಕೇಂದ್ರಗಳಲ್ಲಿ ಕೋಟಿಗಟ್ಟಲೆ ನಿಮಿಷಗಳು ಖಾಲಿ ಇದ್ದವು. ಆ ಕೊರತೆಯನ್ನು ಈ ಒಂದು ಕೇಂದ್ರದ ನಕಲುಗಳು ಮುಚ್ಚಿಟ್ಟಿದ್ದವು. ಬರೀ ಒಟ್ಟು ಎಣಿಕೆ ನೋಡಿ ಡೇಟಾ ನಂಬುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

3.3 ಕೋಟಿ ಸಾಲು ಡಿಕ್ಷನರಿಗೆ ಹಾಕಿದರೆ 15 ಜಿಬಿ ಹತ್ತಿರ ಆಗುತ್ತದೆ. ಡೇಟಾ ಒಡೆಯುವವರಿಗೆ ಇದು ಹೊಸದಲ್ಲ. ಸಮನಾಗಿ ಒಡೆಯುತ್ತದೆ ಅಂದುಕೊಂಡದ್ದರಲ್ಲಿ ಒಂದು ಪಾಲು ಊದಿಕೊಂಡಿರುತ್ತದೆ. ಈ ಒಂದು ಫೈಲಿಗೆ ಹಳೆಯ ಟೇಪುಗಳ ಕಾಲದ ವಿಧಾನ ಹಿಡಿದೆವು, ಎಕ್ಸ್‌ಟರ್ನಲ್ ಮರ್ಜ್ ಸಾರ್ಟ್. ಐವತ್ತು ಲಕ್ಷ ಸಾಲು ಓದು, ಸಾಲನ್ನು ಬಿಡಿಸದೆ ಹಾಗೇ ಸ್ಟ್ರಿಂಗಾಗಿ ಇಟ್ಟುಕೊಂಡು ವಿಂಗಡಿಸು, ಡಿಸ್ಕಿಗೆ ಬರೆ. ಸಾಲಿಗೆ ನೂರು ಬೈಟಿನ ಸುಮಾರು, ಹಾಗಾಗಿ ಅರ್ಧ ಜಿಬಿ ಸಾಕು. ಹೀಗೆ ಏಳು ತುಂಡು. ಆಮೇಲೆ ಏಳನ್ನೂ ಒಟ್ಟಿಗೆ ತೆರೆದು ಪ್ರತಿಯೊಂದರ ಮೇಲಿನ ಸಾಲು ನೋಡು. ಎಲ್ಲದಕ್ಕಿಂತ ಚಿಕ್ಕದನ್ನು ಎತ್ತಿಕೋ, ಅದರ ತುಂಡಿನಿಂದ ಮುಂದಿನ ಸಾಲು ಎಳೆ. ಪೈಥಾನ್‌ನಲ್ಲಿ ಇದಕ್ಕೆ ಹೀಪ್‌ಕ್ಯೂ ಮಾಡ್ಯೂಲಿನಲ್ಲಿ ಮರ್ಜ್ ಎಂಬ ಸಿದ್ಧ ಫಂಕ್ಷನ್ನೇ ಇದೆ. ಹೊರಗೆ ಬರುವ ಸಾಲುಗಳು ನಿಮಿಷದ ಕ್ರಮದಲ್ಲಿರುತ್ತವೆ, ನಕಲುಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ನಕಲು ಹಿಡಿಯಲು ಹಿಂದಿನ ಸಾಲೊಂದನ್ನು ನೆನಪಿಟ್ಟುಕೊಂಡರೆ ಆಯ್ತು. 15 ಜಿಬಿ ಬೇಡುತ್ತಿದ್ದ ಕೆಲಸಕ್ಕೆ ಮರ್ಜ್ ಹೊತ್ತಿನಲ್ಲಿ ಬೇಕಾದದ್ದು ಏಳು ಬಫರು ಮತ್ತು ಒಂದು ಸಾಲಿನ ನೆನಪು. ಊಟ ಮುಗಿಸಿ ಬರುವಷ್ಟರಲ್ಲಿ ಮುಗಿದಿತ್ತು.

ವಿಂಗಡಿಸಿದ್ದು ಎಷ್ಟು ಒಳ್ಳೆಯದಾಯಿತು ಅಂದರೆ, ಉಳಿದ 79 ಫೈಲನ್ನೂ ಡಿಕ್ಷನರಿ ಬಿಟ್ಟು ಹಾಗೇ ವಿಂಗಡಿಸಿದೆವು. ಕಾರಣ ನಾನು ಆಗಲೇ ಹೇಳಿದ 'ಇನ್ನೊಂದು ವಿಷಯ'. ನಕಲುಗಳೆಲ್ಲ ತದ್ರೂಪು ಅಲ್ಲ. ಕೆಲವು ಸಾವಿರ ಕಡೆ ಒಂದೇ ಕೇಂದ್ರ, ಒಂದೇ ನಿಮಿಷ, ಆದರೆ ಒಂದು ಸಾಲಿನಲ್ಲಿ ಮಳೆ 3 ಪಲ್ಟಿ, ಇನ್ನೊಂದರಲ್ಲಿ 0. ಡಿಕ್ಷನರಿಯಾಗಲಿ ಎಸ್‌ಕ್ಯೂಲೈಟಿನ 'ಇದ್ದರೆ ಬಿಡು' ಎಂದು ಹೇಳಿಟ್ಟ ಯೂನಿಕ್ ಇಂಡೆಕ್ಸ್ (ಒಂದು ಕೀ ಒಂದೇ ಸಲ ಇರಲಿ ಎನ್ನುವ ಕಟ್ಟುಪಾಡು) ಆಗಲಿ ಮೊದಲು ಬಂದದ್ದನ್ನು ಇಟ್ಟುಕೊಂಡು ಎರಡನೆಯದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ವಿಂಗಡಿಸಿದಾಗ ಎರಡೂ ಅಕ್ಕಪಕ್ಕ ಕೂತು ಜಗಳ ಕಣ್ಣಿಗೆ ಕಾಣುತ್ತದೆ. ನೋಡಿದರೆ ಇವೆಲ್ಲ ಕರೆಂಟು ಹೋಗಿ ಬಂದ ನಿಮಿಷಗಳು. ಬೋರ್ಡ್ ಮತ್ತೆ ಎದ್ದಾಗ ಪಲ್ಟಿಯ ಎಣಿಕೆ ಸೊನ್ನೆಯಾಗಿ, ಅದೇ ನಿಮಿಷಕ್ಕೆ ಎರಡನೇ ಸಾಲು ಹೋಗಿತ್ತು. ಹಾಗಾಗಿ ದೊಡ್ಡ ಅಂಕಿ ಇಟ್ಟುಕೊಳ್ಳುವುದು ಅಂತ ತೀರ್ಮಾನಿಸಿ, ಜಗಳದ ಸಾಲುಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಉಳಿಸಿಕೊಂಡೆವು.

ಶುದ್ಧವಾದ ಡೇಟಾ ಕೈಗೆ ಬಂದ ಮೇಲೆ ಅದನ್ನು ಇಡುವುದು ಹೇಗೆ? ನಿಮಿಷಕ್ಕೊಂದು ಸಾಲು ಅಂದ ಮೇಲೆ ವೇಳೆಯನ್ನು ಬರೆದಿಡುವ ಅಗತ್ಯವೇ ಇಲ್ಲ, ಎಷ್ಟನೇ ಜಾಗ ಅನ್ನುವುದೇ ವೇಳೆ. ಐದು ವರ್ಷಕ್ಕೆ 26,30,880 ನಿಮಿಷ, 2020 ಮತ್ತು 2024 ಅಧಿಕ ವರ್ಷ ಎಂಬುದನ್ನು ಸೇರಿಸಿ. 80 ಕೇಂದ್ರ, ಪ್ರತಿ ಅಂಕಿಗೆ 2 ಬೈಟ್. ಮಳೆಯ ಡೇಟಾ ಪೂರ್ತಿ 421 ಎಂಬಿ. ಐದೂ ಅಳತೆಗೆ ಐದು ಫೈಲು, ಎಲ್ಲ ಸೇರಿ 2.1 ಜಿಬಿ. 90 ಜಿಬಿ ಬೇಡಿದ್ದು ಇದೇ ಡೇಟಾ. ಉಷ್ಣಾಂಶ 21.4 ಅನ್ನುವುದನ್ನು 214 ಅಂತ ಪೂರ್ಣಾಂಕ ಮಾಡಿ ಇಟ್ಟೆವು. ಬಾರದ ನಿಮಿಷಕ್ಕೆ 65535. ಸೊನ್ನೆ ಇಡುವ ಹಾಗಿಲ್ಲ, ಮಳೆ ಬಾರದ್ದು ಬೇರೆ, ಸುದ್ದಿ ಬಾರದ್ದು ಬೇರೆ.

ಮೊದಲೇ ಹೀಗೆ ಅರೇ (ಅಂಕಿಗಳನ್ನು ಜಾಗದ ಕ್ರಮದಲ್ಲಿ ಜೋಡಿಸಿದ ಪಟ್ಟಿ) ಮಾಡಿ ಎಲ್ಲ ಸಾಲನ್ನೂ ಅದರ ಜಾಗಕ್ಕೆ ತುಂಬಿಬಿಟ್ಟಿದ್ದರೆ ವಿಂಗಡಣೆಯೇ ಬೇಕಿರಲಿಲ್ಲ ಅಲ್ವಾ? ಹೌದು, ನಕಲು ತಾನಾಗೇ ಅದೇ ಜಾಗಕ್ಕೆ ಬೀಳುತ್ತದೆ. ಆದರೆ 3ರ ಮೇಲೆ 0 ಬಿದ್ದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪರಿಚಯವಿಲ್ಲದ ಡೇಟಾಕ್ಕೆ ಮೊದಲು ವಿಂಗಡಣೆ, ಆಮೇಲೆ ಅರೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಅರೇಗಳನ್ನು ಪೈಥಾನ್‌ನ ನಂಪೈ ಲೈಬ್ರರಿಯ ಮೆಮ್‌ಮ್ಯಾಪ್ ಮೂಲಕ ತೆರೆಯುತ್ತೇವೆ. ಫೈಲು ಡಿಸ್ಕಿನಲ್ಲೇ ಇರುತ್ತದೆ, ಮುಟ್ಟಿದ ಪೇಜು ಮಾತ್ರ ಮೆಮೊರಿಗೆ ಬರುತ್ತದೆ. ಇಲ್ಲಿ ಜೋಡಿಸುವ ಕ್ರಮ ಬಹಳ ಮುಖ್ಯ. ಒಂದು ಕೇಂದ್ರದ ಎಲ್ಲ ನಿಮಿಷಗಳನ್ನು ಒಟ್ಟಿಗೆ ಇಟ್ಟರೆ ಒಂದು ಪೇಜಿನಲ್ಲಿ 2,048 ನಿಮಿಷ, ಅಂದರೆ 34 ಗಂಟೆ. ಒಂದು ಕೇಂದ್ರದ ಒಂದು ತಿಂಗಳಿಗೆ 22 ಪೇಜು ಸಾಕು. ಅದರ ಬದಲು ಒಂದು ನಿಮಿಷದ ಎಲ್ಲ ಕೇಂದ್ರಗಳನ್ನು ಒಟ್ಟಿಗೆ ಇಟ್ಟಿದ್ದರೆ ಅದೇ ಒಂದು ತಿಂಗಳಿಗೆ 1,688 ಪೇಜು ಮುಟ್ಟಬೇಕಿತ್ತು. ಫೈಲು ಅದೇ, ಅಂಕಿ ಅವೇ, ವ್ಯತ್ಯಾಸ ಸುಮಾರು ಎಪ್ಪತ್ತೇಳು ಪಟ್ಟು. ಬೆಳೆಗಾರರ ಪ್ರಶ್ನೆಗಳು 'ನನ್ನ ತೋಟದಲ್ಲಿ' ಅಂತ ಶುರುವಾಗುತ್ತವೆ, ಹಾಗಾಗಿ ಮೊದಲನೇ ಕ್ರಮ.

ತೋಟದ ಮಳೆ ರಿಜಿಸ್ಟರಿಗೆ ಹೋಲಿಸಿ ನೋಡಿದಾಗ ಮೊದಲು ತಾಳೆಯಾಗಲಿಲ್ಲ. ರೈಟರ್ (ತೋಟದ ಲೆಕ್ಕ ಬರೆಯುವವರು) ಬೆಳಗ್ಗೆ ಎದ್ದು ಅಳೆದು ಬರೆಯುತ್ತಾರೆ, ನಮ್ಮ ದಿನ ಮಧ್ಯರಾತ್ರಿಗೆ ಮುಗಿಯುತ್ತಿತ್ತು. ಹವಾಮಾನ ಇಲಾಖೆಯ ಪದ್ಧತಿಯಂತೆ ದಿನವನ್ನು ಬೆಳಗ್ಗೆ 8:30ಕ್ಕೆ ಕತ್ತರಿಸಿದೆವು. ಅರೇಯಲ್ಲಿ ಇದಕ್ಕೆ ಆರಂಭದ ಜಾಗವನ್ನು 510 ನಿಮಿಷ ಸರಿಸಿದರೆ ಮುಗಿಯಿತು. ಆಗ ಅಂಕಿಗಳು ಹತ್ತಿರ ಬಂದವು. ರಿಜಿಸ್ಟರಿನಲ್ಲಿ 1 ಇಂಚು 20 ಸೆಂಟ್ ಇದ್ದ ಕಡೆ ನಮ್ಮದು 1 ಇಂಚು 17. ಜೋರು ಮಳೆಯಲ್ಲಿ ಬಟ್ಟಲು ಪಲ್ಟಿ ಹೊಡೆಯುವ ಕ್ಷಣದಲ್ಲಿ ಸ್ವಲ್ಪ ನೀರು ಎಣಿಕೆಗೆ ಸಿಗದೆ ಹೋಗುತ್ತದೆ, ಅಷ್ಟು ವ್ಯತ್ಯಾಸ ಇರುವಂಥದ್ದೇ. ಕೊಟ್ಟಿಗೆಹಾರದ ಕೇಂದ್ರವೂ ಈಗ ಪಕ್ಕದ ತೋಟಗಳಿಗೆ ಹೊಂದುವ ಅಂಕಿ ಕೊಡುತ್ತಿತ್ತು.

ಹೂಮಳೆಯ ಪ್ರಶ್ನೆಗೆ ಉತ್ತರ ಈಗ ಕೆಲವೇ ಸೆಕೆಂಡಿನಲ್ಲಿ ಬರುತ್ತದೆ. ಒಂದು ಇಂಚು ದಾಟಿದ ಮೊದಲ ಮಳೆ ಯಾವ ದಿನ, ಆಮೇಲಿನ ಮಳೆ ಎಷ್ಟು ದಿನಕ್ಕೆ, ನಡುವೆ ಕೇಂದ್ರ ಸುಮ್ಮನಿದ್ದ ನಿಮಿಷಗಳೆಷ್ಟು, ಮೂರೂ ಪಕ್ಕಪಕ್ಕದಲ್ಲಿ. ಮೂರನೇ ಕಾಲಮ್ ಗೌಡರು ಕೇಳಿ ಹಾಕಿಸಿದ್ದು. "ದೊಡ್ಡಪ್ಪ, ಇದು ದೊಡ್ಡದಿದ್ರೆ ಆ ಸಾಲನ್ನ ನಂಬಬೇಡಿ" ಅಂತ ಅವಳು ಅವರಿಗೆ ತೋರಿಸಿದಳು.

ಇನ್ನು ಬೆಳೆಯುವ ಡೇಟಾದ ವಿಷಯ. ಕೇಂದ್ರವಾರು ಜೋಡಿಸಿದ ಅರೇಯಲ್ಲಿ ಹೊಸ ಕೇಂದ್ರ ಸೇರಿಸುವುದು ಸುಲಭ, ಫೈಲಿನ ಕೊನೆಗೆ ಒಂದು ಸಾಲು. ಹೊಸ ವರ್ಷ ಸೇರಿಸುವುದು ಹಾಗಲ್ಲ, ಪ್ರತಿ ಕೇಂದ್ರದ ನಡುವೆಯೂ ಜಾಗ ಬಿಡಿಸಬೇಕು, ಅಂದರೆ ಇಡೀ ಫೈಲನ್ನು ಮತ್ತೆ ಬರೆಯಬೇಕು. ಅದಕ್ಕೇ ಈಗ ವರ್ಷಕ್ಕೊಂದು ಫೈಲು. ಡಿಸೆಂಬರಿನಲ್ಲೇ ಮುಂದಿನ ವರ್ಷದ ಫೈಲನ್ನು ಪೂರ್ತಿ 65535 ತುಂಬಿ ಸಿದ್ಧ ಮಾಡಿಡುತ್ತಾಳೆ. ದಿನದ ಸಾಲುಗಳು ಬಂದ ಹಾಗೆ ತಮ್ಮ ಜಾಗಕ್ಕೆ ಹೋಗುತ್ತವೆ. ಅಲ್ಲಿ 65535 ಅಲ್ಲದೆ ಮೊದಲೇ ಬೇರೆ ಅಂಕಿ ಇದ್ದರೆ ದೊಡ್ಡದು ಉಳಿಯುತ್ತದೆ, ಎರಡೂ ಜಗಳದ ಪಟ್ಟಿಗೆ ಸೇರುತ್ತವೆ. ಕೇಂದ್ರಗಳಿಂದ ಬಂದ ಮೂಲ ಸಾಲುಗಳನ್ನು ತಿಂಗಳವಾರು ಕುಗ್ಗಿಸಿ ಬೇರೆ ಡಿಸ್ಕಿನಲ್ಲಿ ಇಡಲಾಗಿದೆ.